ಕುಡಿದವರಿಗಲ್ಲ, ಹೇಳಿದವರಿಗೆ

ನಮ್ಮೂರಿನಲ್ಲಿ ಕೆಮ್ಮು ಹತ್ತಿದ ಮಗುವಿಗೆ ಒಂಟಿಯಾಗಿ ಮದ್ದು ಕುಡಿಸುವುದಿಲ್ಲ. ಕೆಮ್ಮುವ ಇನ್ನೊಂದು ಮಗುವನ್ನು ಹುಡುಕಿ ತಂದು, ಎರಡನ್ನೂ ಎದುರುಬದುರು ಕೂರಿಸಿ, ಒಬ್ಬರಿಗೊಬ್ಬರು 'ದೊಡ್ಡಪತ್ರೆ ರಸ ಕುಡಿ' ಎಂದು ಹೇಳಿಸುತ್ತಾರೆ. ಎರಡೂ ಮುಖ ಕಿವುಚಿಕೊಂಡು ಕುಡಿಯುತ್ತವೆ. ಇದು ಕುಡಿದದ್ದು ಅದರ ಎದೆಗೆ, ಅದು ಕುಡಿದದ್ದು ಇದರ ಎದೆಗೆ ಹೋಗುತ್ತದೆ. ಮನೆಮದ್ದು ಕುಡಿದವರಿಗೆ ತಾಕುವುದಿಲ್ಲ, ಹೇಳಿದವರಿಗೆ ತಾಕುತ್ತದೆ. ಬೇರೆ ಊರುಗಳಲ್ಲಿ ಇದು ತಿರುವುಮುರುವು ಎಂದು ಕೇಳಿದ್ದೇನೆ. ಹಾಗಿದ್ದರೆ ಅಲ್ಲಿ ಹೇಳುವವರಿಗೆ ಏನು ಲಾಭ, ಲಾಭವಿಲ್ಲದೆಯೂ ಅಷ್ಟೊಂದು ಜನ ಅಷ್ಟೊಂದು ಮದ್ದು ಯಾಕೆ ಹೇಳುತ್ತಾರೆ ಎನ್ನುವುದು ನನಗೆ ಇವತ್ತಿಗೂ ಅರ್ಥವಾಗಿಲ್ಲ. ನಮ್ಮ ಮಕ್ಕಳು ಮೊದಲು ಕಲಿಯುವ ಮಾತು 'ಅಮ್ಮ' ಅಲ್ಲ, 'ಕುಡಿ'.

ಇಂಥ ಊರಿನಲ್ಲಿ ನಾಲಿಗೆ ಸಡಿಲ ಬಿಟ್ಟವರು ನೆಮ್ಮದಿಯಾಗಿರುವುದಿಲ್ಲ. ನಮ್ಮಜ್ಜಿ ಒಮ್ಮೆ ಟೌನ್ ಬಸ್ಸಿನಲ್ಲಿ ಪಕ್ಕ ಕೂತಿದ್ದ ಹೆಂಗಸೊಬ್ಬಳು ಹೊಟ್ಟೆ ಭಾರ ಎಂದದ್ದಕ್ಕೆ 'ಎರಡು ಚಮಚ ಹರಳೆಣ್ಣೆ ಕುಡಿ' ಎಂದುಬಿಟ್ಟಿದ್ದಳು. ಆ ಹೆಂಗಸು ಯಾವ ಸ್ಟಾಪಿನಲ್ಲಿ ಇಳಿದಳೋ, ಯಾವಾಗ ಕುಡಿದಳೋ ತಿಳಿಯದು. ನಮ್ಮಜ್ಜಿ ಮಾತ್ರ ಮರುದಿನ ನಮ್ಮ ದೊಡ್ಡಮ್ಮನ ನಿಶ್ಚಿತಾರ್ಥದ ನಡುವೆ ಆರು ಸಲ ಎದ್ದು ಹೋದಳು. ಗಂಡಿನ ಕಡೆಯವರು ಅದನ್ನು ಅಸಮ್ಮತಿ ಎಂದು ತಿಳಿದುಕೊಂಡು ಎರಡು ಸೀರೆ ಹೆಚ್ಚಿಗೆ ತಂದರು, ಅದು ಬೇರೆ ಮಾತು. ಆದರೆ ಆ ದಿನ ಅದನ್ನು ಕಂಡ ನಮ್ಮಮ್ಮ ಹೆದರಿಕೊಂಡಳು, ನಾನು ಮಾತು ಕಲಿಯುವ ಹೊತ್ತಿಗೆ ನನಗೆ ಎರಡಕ್ಷರದ ರಕ್ಷೆಯೊಂದನ್ನು ಕಟ್ಟಿದಳು: ಅಂತೆ. ಹರಳೆಣ್ಣೆ ಒಳ್ಳೆಯದಂತೆ. ಶುಂಠಿ ಕಷಾಯ ಕುಡೀಬೇಕಂತೆ. ಹಾಗೆ ಹೇಳಿದರೆ ಮದ್ದು ನಮ್ಮನ್ನು ಮುಟ್ಟದೆ, ನಮಗೆ ಯಾರು ಹೇಳಿದ್ದರೋ ಅವರನ್ನು ಹುಡುಕಿಕೊಂಡು ಹೋಗುತ್ತದೆ.

ಈ ರಕ್ಷೆಯನ್ನು ನಾನು ಮದ್ದಿಗೆ ಮಾತ್ರ ಬಳಸಿದ್ದರೆ ಚೆನ್ನಾಗಿತ್ತು. ಒಮ್ಮೆ ತೊಪ್ಪೆಯಾಗಿ ನೆನೆದು ಮನೆಗೆ ಬಂದು 'ಮಳೆ ಬರ್ತಿದೆಯಂತೆ' ಎಂದವಳು ನಾನು. ಹೆಣ್ಣು ನೋಡಲು ಬಂದಾಗ ಹೆಸರು ಕೇಳಿದರೆ 'ಇಂದುಮತಿ ಅಂತೆ' ಎಂದೆನೆಂದು ನಮ್ಮ ಯಜಮಾನರು ಇಪ್ಪತ್ತೈದು ವರ್ಷಗಳಿಂದ ನೆಂಟರಿಗೆಲ್ಲ ಹೇಳಿಕೊಂಡು ಬಂದಿದ್ದಾರೆ. ಅದು ಸುಳ್ಳು. ನಾನು ಹೇಳಿದ್ದು 'ಇಂದುಮತಿ ಅಂತ'. ಆದರೆ ನನ್ನ ಪರವಾಗಿ ಸಾಕ್ಷಿ ಹೇಳುವವರು ಯಾರೂ ಇಲ್ಲ.

ಇಂಥ ಬಾಯಿಗೆ ತಕ್ಕ ಕೆಲಸವೇ ಸಿಕ್ಕಿತು. ನಾನು ಪುರಸಭೆಯಲ್ಲಿ ಪ್ರಕಟಣೆ ಬರೆಯುವ ಗುಮಾಸ್ತೆ. ನನಗಿಂತ ಮೊದಲು ಆ ಕುರ್ಚಿಯಲ್ಲಿದ್ದವರು ಒಂದು ಬೇಸಿಗೆಯಲ್ಲಿ 'ಸಾರ್ವಜನಿಕರು ದಿನವೂ ಬಾರ್ಲಿ ನೀರು ಕುಡಿಯಿರಿ' ಎಂದು ಬರೆದು ಸಹಿ ಹಾಕಿದ್ದರು. ಮೂರು ವಾರ್ಡಿನ ಜನ ಕುಡಿದರು. ಅವರು ಆ ತಿಂಗಳು ಕುರ್ಚಿಯಲ್ಲಿ ಕೂತದ್ದಕ್ಕಿಂತ ಕಚೇರಿಯ ಹಿಂಭಾಗದಲ್ಲಿ ನಿಂತದ್ದೇ ಹೆಚ್ಚಾಗಿ, ಕೊನೆಗೆ ಸ್ವಯಂ ನಿವೃತ್ತಿ ತೆಗೆದುಕೊಂಡರು. ನಾನು ಬಂದ ಮೇಲೆ ಅಂಥ ಅನಾಹುತ ಆಗಿಲ್ಲ. ನನ್ನ ಪ್ರಕಟಣೆಗಳಲ್ಲಿ 'ಕುಡಿಯುವುದು ಸೂಕ್ತವೆಂದು ತಿಳಿದುಬಂದಿದೆ' ಎಂದಿರುತ್ತದೆ. ಯಾರಿಗೆ ತಿಳಿದುಬಂತು ಎಂದು ಇದುವರೆಗೆ ಯಾರೂ ಕೇಳಿಲ್ಲ.

ನಲವತ್ತೊಂಬತ್ತು ತುಂಬಿದ ಮೂರನೇ ವಾರ, ವಾರ್ಡ್ ಸಭೆಯಲ್ಲಿ ನಡಾವಳಿ ಬರೆದುಕೊಳ್ಳುತ್ತಿದ್ದಾಗ, ಇಡ್ಲಿ ಪಾತ್ರೆಯ ಮುಚ್ಚಳ ತೆಗೆದು ಅದರ ಮೇಲೆ ನನ್ನ ಮುಖ ಹಿಡಿದಂತಾಯಿತು. ಎದೆಯಿಂದ ಹೊರಟ ಹಬೆ ಕುತ್ತಿಗೆ, ಕಿವಿ, ನೆತ್ತಿಗೆ ಏರಿತು. ಬೆವರು ಕನ್ನಡಕದ ಒಳಗೆ ಇಳಿಯಿತು. ಸಭೆಯಲ್ಲಿ ಆಗ ಚರಂಡಿಯ ಹೂಳಿನ ವಿಷಯ ನಡೆಯುತ್ತಿತ್ತು. ನಾನು ಅಳುತ್ತಿದ್ದೇನೆಂದು ತಿಳಿದ ಸದಸ್ಯರೊಬ್ಬರು ತಮ್ಮ ವಾರ್ಡಿನ ಚರಂಡಿಯ ಬಗ್ಗೆ ಇಷ್ಟು ಕಾಳಜಿ ಯಾರೂ ತೋರಿಸಿರಲಿಲ್ಲ ಎಂದು ನನ್ನನ್ನು ಅಭಿನಂದಿಸಿದರು. ನಾನು ಮಾತ್ರ ಇದು ಹೃದಯಾಘಾತ ಎಂದು ಖಚಿತ ಮಾಡಿಕೊಂಡು, ಯಾವ ಸೀರೆ ಯಾರಿಗೆ ಎಂದು ಮನಸ್ಸಿನಲ್ಲೇ ಹಂಚುತ್ತಿದ್ದೆ. ಮುಂದಿನ ಒಂಬತ್ತು ದಿನಗಳಲ್ಲಿ ಏಳು ಕಾಯಿಲೆಗಳನ್ನು ಅನುಮಾನಿಸಿ ಒಂದು ನೋಟ್‌ಬುಕ್ಕಿನಲ್ಲಿ ಲಕ್ಷಣಗಳ ಸಮೇತ ಬರೆದಿಟ್ಟೆ. ಮುಟ್ಟು ನಿಲ್ಲುವ ಕಾಲ ಬಂದಿರಬಹುದು ಎಂಬುದು ಆ ಪಟ್ಟಿಯಲ್ಲಿ ಎಂಟನೆಯದು. ಅಷ್ಟರಲ್ಲಿ ನಿದ್ದೆ ಅರ್ಧಕ್ಕಿಳಿದಿತ್ತು, ಸಿಟ್ಟು ಎರಡರಷ್ಟಾಗಿತ್ತು. ನಮ್ಮ ಯಜಮಾನರು ಚಹಾ ಕುಡಿಯುವಾಗ ಮಾಡುವ ಸದ್ದಿನ ಬಗ್ಗೆ ನಾನು ಒಂದು ಸಂಜೆ ಇಪ್ಪತ್ತು ನಿಮಿಷ ಮಾತಾಡಿದೆ. ಅಷ್ಟು ಹೊತ್ತೂ ಒಂದೇ ಒಂದು 'ಅಂತೆ' ಬಳಸಲಿಲ್ಲ ಎಂದು ಅವರೇ ಆಮೇಲೆ ಬೆರಗಿನಿಂದ ಹೇಳಿದರು.

ಬಿಸಿ, ಬೆವರು, ಸಿಟ್ಟನ್ನೆಲ್ಲ ಹೇಗೋ ತಡೆದುಕೊಳ್ಳುತ್ತಿದ್ದೆ. ನನ್ನನ್ನು ಹೆದರಿಸಿದ್ದು ಮಾತುಗಳು ತಪ್ಪಿಸಿಕೊಳ್ಳತೊಡಗಿದ್ದು. ಸೌಟು ಎಂಬ ಪದ ಒಂದು ದಿನ ಇದ್ದಕ್ಕಿದ್ದಂತೆ ಮಾಯವಾಯಿತು. 'ಆ ಸಾರು ಎತ್ತೋದು ಕೊಡಿ' ಎಂದೆ. ಮನೆಯಲ್ಲಿ ಪರವಾಗಿಲ್ಲ. ಆದರೆ ಕಚೇರಿಯಲ್ಲಿ 'ಸೋಮವಾರ ನೀರು ಬಿಡಲಾಗುವುದಿಲ್ಲ' ಎಂದು ಬರೆಯಬೇಕಾದಲ್ಲಿ 'ಬಿಡಲಾಗುವುದು' ಎಂದು ಬರೆದೆ. ಸೋಮವಾರ ಎರಡು ವಾರ್ಡಿನ ಜನ ಬೆಳಗಿನಿಂದ ಮಧ್ಯಾಹ್ನದವರೆಗೆ ಕೊಡ ಹಿಡಿದುಕೊಂಡು ನಿಂತರು, ಆಮೇಲೆ ಆ ಕೊಡಗಳನ್ನು ಹೊತ್ತುಕೊಂಡು ನಮ್ಮ ಕಚೇರಿಗೆ ಬಂದರು. ಮುಖ್ಯಾಧಿಕಾರಿಗಳು ನನ್ನನ್ನು ಕರೆದು, ಇನ್ನೊಂದು ಸಲ ಹೀಗಾದರೆ ಜನನ-ಮರಣ ವಿಭಾಗಕ್ಕೆ ಹಾಕುತ್ತೇನೆ ಎಂದರು. ಅಲ್ಲಿ ನಾನು ಯಾರ ಮರಣಕ್ಕೆ ಏನು ಬರೆಯುತ್ತೇನೋ ಎಂದು ನನಗೇ ಖಾತ್ರಿ ಇರಲಿಲ್ಲ.

ಡಾಕ್ಟರ್ ಪ್ರಫುಲ್ಲಾ ಅವರ ಹತ್ತಿರ ಹೋದೆ. ಮಾತ್ರೆಗಳಿಗೆ ನಮ್ಮೂರಿನ ಕಟ್ಟಳೆ ಅನ್ವಯಿಸುವುದಿಲ್ಲ, ಅವು ನುಂಗಿದವರಿಗೇ ತಾಕುತ್ತವೆ. ಆದರೆ ಬಾಯಿಮಾತಿನ ಸಲಹೆಗಳು ಹಾಗಲ್ಲ. ದಿನಾ ನಡೆಯಿರಿ, ಎಣ್ಣೆ ಕಡಿಮೆ ಮಾಡಿ ಎಂದು ಅವರು ಹೇಳಿ ಹೇಳಿ, ಊರಿನವರು ಮಾಡಿ ಮಾಡಿ, ಡಾಕ್ಟರು ಕಡ್ಡಿಯಂತಾಗಿದ್ದಾರೆ. ಈಚೆಗೆ ತಮ್ಮ ತೂಕ ಉಳಿಸಿಕೊಳ್ಳಲು, ನಡೆಯಿರಿ ಎನ್ನಬೇಕಾದಾಗ ಗೋಡೆಯ ಮೇಲೆ ನಡೆಯುತ್ತಿರುವ ಹೆಂಗಸಿನ ಚಿತ್ರವನ್ನು ತೋರಿಸಿ ಸುಮ್ಮನಾಗುತ್ತಾರೆ. ನನ್ನ ರಕ್ತ ಪರೀಕ್ಷೆ ಮಾಡಿಸಿ, ಥೈರಾಯ್ಡ್ ಸರಿಯಿದೆ, ಬಿಪಿ ಸರಿಯಿದೆ, ಇದು ಕಾಯಿಲೆಯಲ್ಲ, ಕಾಲ ಎಂದರು. ಹಾರ್ಮೋನಿನ ಮಾತ್ರೆ ಬಹಳ ಜನರಿಗೆ ಕೆಲಸ ಮಾಡುತ್ತದೆ, ಆದರೆ ನನ್ನ ತಾಯಿಗೆ ಸ್ತನದ ಕ್ಯಾನ್ಸರ್ ಆಗಿದ್ದರಿಂದ ನನ್ನ ವಿಷಯದಲ್ಲಿ ಯೋಚಿಸಿ ನೋಡೋಣ ಎಂದರು. ಬೇರುನಾರಿನ ಬಗ್ಗೆ ಕೇಳಿದೆ. ಕೆಲವರಿಗೆ ಸಮಾಧಾನ ಸಿಗುತ್ತದೆ, ಗ್ಯಾರಂಟಿ ಕೊಡಲಾರೆ, ಹೆಸರಿಲ್ಲದ ಪುಡಿಗಳನ್ನು ಮಾತ್ರ ಹತ್ತಿರ ಸೇರಿಸಬೇಡಿ ಎಂದು, ಕೊನೆಗೆ ಕಾಫಿಯ ಲೋಟದ ಮೇಲೆ ಅಡ್ಡಗೆರೆ ಹಾಕಿದ ಇನ್ನೊಂದು ಚಿತ್ರವನ್ನು ತೋರಿಸಿದರು. ಅವರಿಗೆ ಕಾಫಿ ಬಿಡುವ ಮನಸ್ಸಿರಲಿಲ್ಲ ಎಂದು ಕಾಣುತ್ತದೆ.

ಕಾಫಿ ಬಿಟ್ಟೆ. ಹತ್ತಿ ಸೀರೆ ಉಟ್ಟೆ. ಕೆರೆಯ ಏರಿಯ ಮೇಲೆ ಬೆಳಗ್ಗೆ ನಡೆದೆ. ಅಲ್ಲಿ ನಡೆಯುವಾಗಲೇ ನನ್ನ ನಿಜವಾದ ಕೊರತೆ ನನ್ನ ಕಣ್ಣಿಗೆ ಬಿದ್ದದ್ದು. ನನ್ನ ವಯಸ್ಸಿನ ಹೆಂಗಸರೆಲ್ಲ ಅಲ್ಲಿ ಇಬ್ಬಿಬ್ಬರಾಗಿ ನಡೆಯುತ್ತಿದ್ದರು. ನಮ್ಮೂರಿನಲ್ಲಿ ಈ ಕಾಲ ಬಂದಾಗ ಹೆಂಗಸರು ಜೋಡಿ ಮಾಡಿಕೊಳ್ಳುತ್ತಾರೆ. ನಾನು ಹೇಳಿದ್ದನ್ನು ನೀನು ಕುಡಿ, ನೀನು ಹೇಳಿದ್ದನ್ನು ನಾನು ಕುಡಿಯುತ್ತೇನೆ. ಒಬ್ಬರು ಒಂದು ಕಾಲಕ್ಕೆ ಒಬ್ಬರಿಗೆ ಮಾತ್ರ ಕುಡಿಯಬಹುದು, ಇಲ್ಲದಿದ್ದರೆ ಮದ್ದಿಗೆ ದಾರಿ ತಪ್ಪುತ್ತದೆ. ಹೆಣ್ಣಿನ ಬೇನೆಗೆ ಹೆಣ್ಣೇ ಕುಡಿಯಬೇಕು, ಗಂಡಸರು ಕುಡಿದರೆ ತಾಕುವುದಿಲ್ಲ. ತಾಕುವಂತಿದ್ದರೂ ಅವರು ಕುಡಿಯುತ್ತಿದ್ದರು ಎಂಬ ನಂಬಿಕೆ ನನಗಿಲ್ಲ. ಹೀಗಾಗಿ ಏರಿಯ ಮೇಲೆ ಎರಡೆರಡು ಹೆಂಗಸರು ಕೈಯಲ್ಲಿ ಸಣ್ಣ ಬಾಟಲಿ ಹಿಡಿದು, ಅಗಸೆ ಬೀಜ ತಿನ್ನು, ಮೆಂತ್ಯ ನೆನೆಸಿ ತಿನ್ನು, ಶತಾವರಿ ಹಾಲು ಕುಡಿ ಎಂದು ಪರಸ್ಪರ ಅಪ್ಪಣೆ ಕೊಟ್ಟುಕೊಳ್ಳುತ್ತಾ, ನಗುತ್ತಾ ಹೋಗುತ್ತಿದ್ದರು. ನಾನೊಬ್ಬಳೇ ಬೆವರುತ್ತಾ, ಯಾರಿಗೂ ಏನೂ ಹೇಳದೆ ನಡೆಯುತ್ತಿದ್ದೆ.

ನನಗೆ ಜೋಡಿ ಇರಲಿಲ್ಲ. 'ಅಂತೆ' ಹೇಳುವವಳ ಜೊತೆ ಜೋಡಿಯಾಗುವುದು ಯಾರಿಗೆ ಬೇಕು? ಆದರೂ ನಮ್ಮ ಕಚೇರಿಯ ಕಂದಾಯ ವಿಭಾಗದ ಗಂಗಾಂಬಿಕೆ ಒಮ್ಮೆ ಧೈರ್ಯ ಮಾಡಿದಳು. ಅವಳ ಜೋಡಿ ಮೆಹರುನ್ನಿಸಾ ಮಗಳ ಬಾಣಂತನಕ್ಕೆ ಒಂದು ವಾರ ರಜೆ ಹಾಕಿದ್ದಳು. ಊಟದ ಹೊತ್ತಿನಲ್ಲಿ ಬಾಗಿಲು ಹಾಕಿ, ಹೇಳಿ ಮೇಡಂ, ಒಂದು ವಾರ ನಿಮಗೆ ಕುಡೀತೀನಿ ಎಂದಳು. ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತು, ಗಂಟಲು ಸರಿಮಾಡಿಕೊಂಡು, ಮನೆಯಲ್ಲಿ ಕನ್ನಡಿ ಮುಂದೆ ಅಭ್ಯಾಸ ಮಾಡಿದ್ದ ವಾಕ್ಯವನ್ನು ಹೇಳಿದೆ. ಅಂದರೆ, ಹೇಳಿದೆ ಎಂದುಕೊಂಡೆ. ಬಾಯಿಂದ ಬಂದದ್ದು 'ಲಾವಂಚದ ನೀರು ಕುಡಿದರೆ ತಂಪಂತೆ' ಎಂದು. ಗಂಗಾಂಬಿಕೆ ಒಳ್ಳೆಯವಳು, ಒಂದು ವಾರ ತಪ್ಪದೆ ಕುಡಿದಳು. ನನಗೆ ಏನೂ ಆಗಲಿಲ್ಲ. ನಾನು ಅದನ್ನು ಓದಿದ್ದು ಒಂದು ವಾರಪತ್ರಿಕೆಯ ಅಂಕಣದಲ್ಲಿ. ಯಾವುದೋ ದೂರದ ಊರಿನಲ್ಲಿ ಆ ಅಂಕಣ ಬರೆದಾಕೆ ಏಪ್ರಿಲ್ ತಿಂಗಳಲ್ಲಿ ಸ್ವೆಟರ್ ಹಾಕಿಕೊಂಡು, ಯಾಕೆ ಹೀಗೆ ಚಳಿಯಾಗುತ್ತಿದೆ ಎಂದು ಯೋಚಿಸುತ್ತಾ ಕೂತಿದ್ದಿರಬೇಕು.

ಆಗ ನನಗೆ ಉಳಿದದ್ದು ಒಂದೇ ಬಾಗಿಲು, ಎಂಟು ವರ್ಷದಿಂದ ನಾನು ತಪ್ಪಿಸಿಕೊಂಡು ಓಡಾಡುತ್ತಿದ್ದ ಬಾಗಿಲು. ದಾಕ್ಷಾಯಿಣಿ ಅಕ್ಕ ನನ್ನ ವಾರಗಿತ್ತಿ, ನಮ್ಮ ಯಜಮಾನರ ಅಣ್ಣನ ಹೆಂಡತಿ. ನಮ್ಮ ಮನೆಯಿಂದ ನಾಲ್ಕು ಮನೆ ಆಚೆ ಇರುತ್ತಾರೆ. ಬ್ಲೌಸ್ ಹೊಲಿಯುತ್ತಾರೆ, ಸೀರೆಗೆ ಕುಚ್ಚು ಕಟ್ಟುತ್ತಾರೆ. ಹೇಳಿದ ದಿನಕ್ಕೆ ಬ್ಲೌಸ್ ಕೊಡುವ ಟೈಲರ್ ಊರಿಗೆ ಅವರೊಬ್ಬರೇ. ಅದು ಅವರ ಶಿಸ್ತು ಎಂದು ಗಿರಾಕಿಗಳು ಹೊಗಳುತ್ತಾರೆ. ಶಿಸ್ತಲ್ಲ, ಅವರಿಗೆ ನಿದ್ದೆ ಬರುವುದಿಲ್ಲ.

ಎಂಟು ವರ್ಷದ ಹಿಂದೆ ಅಕ್ಕನಿಗೂ ಈ ಕಾಲ ಬಂದಿತ್ತು. ಬಿಸಿ ಅಷ್ಟಾಗಿ ಕಾಡಲಿಲ್ಲ, ನಿದ್ದೆ ಪೂರ್ತಿ ಹೋಯಿತು. ಅವರು ಹೊರಗಿನವರನ್ನು ಹುಡುಕದೆ ನನ್ನ ಹತ್ತಿರ ಬಂದರು. ನನಗಾಗ ನಲವತ್ತೊಂದು. ಬ್ಲೌಸ್ ಬಟ್ಟೆಯ ತುಂಡಿನಲ್ಲಿ ಎಂಟು ಜಾಯಿಕಾಯಿ ಕಟ್ಟಿಕೊಂಡು ಬಂದು, ದಿನಾ ಸಂಜೆ ಒಂದಿಷ್ಟು ತೇಯ್ದು ಬಿಸಿ ಹಾಲಿಗೆ ಹಾಕಿಕೊಂಡು ಕುಡಿ ಎಂದರು. ನಾನು ಹೂಂ ಎಂದೆ. ಅದೇ ವಾರ ಎಲ್ಲೋ, ಜಾಯಿಕಾಯಿ ಹೆಚ್ಚಾದರೆ ತಲೆ ಸುತ್ತುತ್ತದೆ ಎಂದು ಓದಿದೆ. ಕುಡಿದವರಿಗೆ ತಾಕುವುದಿಲ್ಲ ಎಂಬುದು ನನಗೆ ಗೊತ್ತಿತ್ತು. ಆದರೆ ನನ್ನಂಥವಳಿಗೆ, ಎಲ್ಲರಿಗೂ ತಾಕದ್ದು ತನಗೊಬ್ಬಳಿಗೆ ತಾಕಿದರೆ ಎಂಬ ಯೋಚನೆ ಬರುವುದಕ್ಕೆ ಎಷ್ಟು ಹೊತ್ತು ಬೇಕು? ಎರಡು ತಿಂಗಳು ದಿನಾ ಸಂಜೆ ಜಾಯಿಕಾಯಿ ತೇಯ್ದೆ, ಹಾಲಿಗೆ ಹಾಕಿದೆ, ಬಚ್ಚಲಿಗೆ ಸುರಿದೆ. ಅಕ್ಕ ಕೇಳಿದಾಗಲೆಲ್ಲ 'ಕುಡಿದೆ ಅಕ್ಕ' ಎಂದೆ. ಆ ಒಂದು ಮಾತಿಗೆ ಮಾತ್ರ ನಾನು 'ಅಂತೆ' ಸೇರಿಸಲಿಲ್ಲ.

ಅಕ್ಕನಿಗೆ ನಿದ್ದೆ ಬರಲಿಲ್ಲ. ಎರಡು ತಿಂಗಳಾದ ಮೇಲೆ ನಮ್ಮತ್ತೆ ಯೋಚಿಸಿ ಒಂದು ತೀರ್ಪು ಕೊಟ್ಟರು: ದಾಕ್ಷಾಯಿಣಿ ಮಾತಿಗೆ ತಾಕುವ ಗುಣ ಇಲ್ಲ. ನಮ್ಮೂರಿನಲ್ಲಿ ಲಕ್ಷಕ್ಕೊಬ್ಬರು ಹಾಗಿರುತ್ತಾರಂತೆ, ಅವರು ಏನು ಹೇಳಿದರೂ ಯಾರು ಕುಡಿದರೂ ವ್ಯರ್ಥವಂತೆ. ಅತ್ತೆ ಈಗಿಲ್ಲ, ಅವರ ತೀರ್ಪು ಇದೆ. ಆ ಮೇಲೆ ಅಕ್ಕನಿಗಾಗಿ ಯಾರೂ ಏನೂ ಕುಡಿಯಲಿಲ್ಲ, ಅವರೂ ಕೇಳಲಿಲ್ಲ. ಆದರೆ ಅವರು ಕುಡಿದದ್ದು ಬೇರೆಯವರಿಗೆ ಚೆನ್ನಾಗಿಯೇ ತಾಕುತ್ತಿತ್ತು. ಹೀಗಾಗಿ ಜೋಡಿ ಸಿಗದವರು, ಜೋಡಿ ಜಗಳವಾಡಿದವರು, ಜೋಡಿ ಊರು ಬಿಟ್ಟವರು ಎಲ್ಲ ಬ್ಲೌಸ್ ಅಳತೆ ಕೊಡುವ ನೆಪದಲ್ಲಿ ಹೋಗಿ ಅಕ್ಕನಿಗೆ ಮದ್ದು ಹೇಳಿ ಬರುತ್ತಿದ್ದರು. ಅವರು ಒಬ್ಬರಾದ ಮೇಲೆ ಒಬ್ಬರಿಗೆ ಮೆಂತ್ಯ, ಒಂದೆಲಗ, ಬೇವು, ಏನು ಹೇಳಿದರೆ ಅದನ್ನು ಕುಡಿದರು. ಬದಲಿಗೆ ಏನನ್ನೂ ಪಡೆಯದೆ ಎಂಟು ವರ್ಷ ಕುಡಿದರು. ಈ ಏಪ್ರಿಲ್‌ನಲ್ಲಿ ಅವರು ಬಿಡುವಾಗಿದ್ದಾರೆ ಎಂದು ಗಂಗಾಂಬಿಕೆಯೇ ನನಗೆ ಹೇಳಿದ್ದು.

ನಾನು ಏನು ಲೆಕ್ಕ ಹಾಕಿದೆ ಎಂಬುದನ್ನು ಮುಚ್ಚಿಡುವುದಿಲ್ಲ. ಅಕ್ಕನಿಗೆ ಹಳೆಯದನ್ನು ಹೇಳುವ ಅಗತ್ಯವೇ ಇರಲಿಲ್ಲ. ಹೋಗಿ, ಲಾವಂಚದ ನೀರು ಕುಡಿಯಿರಿ, ಒಂದೆಲಗದ ತಂಬುಳಿ ತಿನ್ನಿ ಎಂದರೆ ಅವರು ಕೇಳದೆ ಕುಡಿಯುತ್ತಿದ್ದರು. ನನ್ನ ಬಿಸಿ ಇಳಿಯುತ್ತಿತ್ತು, ಸೌಟು ಮರಳಿ ಬರುತ್ತಿತ್ತು, ಜನನ-ಮರಣ ವಿಭಾಗ ತಪ್ಪುತ್ತಿತ್ತು. ನನಗೆ ಬೇಕಾಗಿದ್ದದ್ದು 'ಅಂತೆ' ಇಲ್ಲದ ಎರಡು ವಾಕ್ಯ ಮಾತ್ರ. ದಾರಿಯ ನಾಲ್ಕು ಮನೆಯಷ್ಟು ದೂರ ಅದನ್ನೇ ಮಣಮಣ ಹೇಳಿಕೊಂಡು ಹೋದೆ. ಕೈಯಲ್ಲಿ ಒಂದು ಹಸಿರು ಬ್ಲೌಸ್ ಪೀಸು. ಎರಡನೇ ಶನಿವಾರ, ಊಟವಾದ ಹೊತ್ತು.

ಅಕ್ಕ ಮೆಷಿನ್ ಮುಂದೆ ಕೂತಿದ್ದರು. ಕಣ್ಣ ಕೆಳಗಿನ ಕಪ್ಪು ಈಗ ಕೆನ್ನೆಯವರೆಗೆ ಇಳಿದಿತ್ತು. ಓ, ದೊಡ್ಡವರು ಬಂದರು ಎಂದು ನಕ್ಕು, ಆಫೀಸು ನಿನ್ನನ್ನು ಒಂದು ಶನಿವಾರವಾದರೂ ಬಿಟ್ಟಿತಲ್ಲ ಎಂದರು. ನಾನು ಬರದೆ ಇದ್ದದ್ದಕ್ಕೆ ಇಷ್ಟು ವರ್ಷ ಅವರು ಆಫೀಸನ್ನೇ ಬೈದುಕೊಂಡಿದ್ದರು. ನಿಲ್ಲಿಸಿ ಅಳತೆ ತೆಗೆದುಕೊಳ್ಳತೊಡಗಿದರು. ಟೇಪು ಎದೆಯ ಸುತ್ತ ಬಂದಾಗಲೇ ನನ್ನ ಹಬೆ ಎದ್ದಿತು. ಬೆವರು ಟೇಪಿನ ಮೇಲೆ ತೊಟ್ಟಿಕ್ಕಿತು. ಅಕ್ಕ ಟೇಪು ಸಡಿಲ ಬಿಟ್ಟು, ಸೆರಗಿನಿಂದ ನನ್ನ ಹಣೆ ಒರೆಸಿ, ಮೂವತ್ತೆಂಟು ಎಂದು ಚೀಟಿಯಲ್ಲಿ ಬರೆದುಕೊಂಡರು.

"ಶುರುವಾಯ್ತಾ ನಿಂಗೂ?"

ನಾನು ತಲೆಯಾಡಿಸಿದೆ. ಜೋಡಿ ಯಾರು ಎಂದು ಕೇಳಿದರು. ಯಾರೂ ಇಲ್ಲ ಎಂದೆ. ಅದಕ್ಕೇ ಬಂದೆಯಾ, ಇಷ್ಟಕ್ಕೆ ಬ್ಲೌಸ್ ಪೀಸು ಯಾಕೆ ಹಾಳುಮಾಡ್ತೀಯ, ಸುಮ್ಮನೆ ಬಂದು ಹೇಳಬಾರದಾ ಎಂದು ಬೈದರು. ಆಮೇಲೆ ಒಳಗೆ ಹೋಗಿ ಒಂದು ಸ್ಟೀಲ್ ಲೋಟ ತಂದು ಮೆಷಿನ್ ಮೇಲೆ ಇಟ್ಟು, ನನ್ನ ಎದುರು ಸ್ಟೂಲ್ ಎಳೆದುಕೊಂಡು ಕೂತರು.

"ಹೇಳು, ಏನು ಕುಡೀಬೇಕು ನಾನು? ನನ್ನ ಮಾತಂತೂ ತಾಕಲ್ಲ. ನಿನ್ನದಾದ್ರೂ ತಾಕಲಿ."

ಅವರು ಅದನ್ನು ಬೇಸರದಿಂದ ಹೇಳಲಿಲ್ಲ. ತನಗೆ ಹತ್ತಿರದ್ದು ಕಾಣುವುದಿಲ್ಲ, ಕನ್ನಡಕ ಬೇಕು ಎನ್ನುವ ಹಾಗೆ, ಗೊತ್ತಿರುವ ಒಂದು ಸಂಗತಿಯ ಹಾಗೆ ಹೇಳಿದರು. ನನ್ನ ಬಾಯಲ್ಲಿ ಲಾವಂಚ ಸಿದ್ಧವಾಗಿ ನಿಂತಿತ್ತು. ಕೊನೆಯಲ್ಲಿ 'ಅಂತೆ' ಕೂಡ ಇರಲಿಲ್ಲ, ಅಷ್ಟು ಚೆನ್ನಾಗಿ ಅಭ್ಯಾಸವಾಗಿತ್ತು. ಆದರೆ ಹೊರಗೆ ಬಂದದ್ದು ಅದಲ್ಲ.

"ಅಕ್ಕ, ಆವತ್ತು ನೀವು ಹೇಳಿದ ಜಾಯಿಕಾಯಿ ಹಾಲು ನಾನು ಕುಡಿದಿರಲಿಲ್ಲವಂತೆ."

ಅಕ್ಕ ಸ್ಟೂಲನ್ನು ಇನ್ನಷ್ಟು ಹತ್ತಿರ ಎಳೆದುಕೊಂಡರು.

"ನಿನ್ನ ಹೊಟ್ಟೆ ವಿಷಯ ನಿನಗೆ ಯಾರೇ ಹೇಳಿದ್ದು?"

ಬೇರೆ ದಿನವಾಗಿದ್ದರೆ ಇಬ್ಬರೂ ನಗುತ್ತಿದ್ದೆವು. ನಾನು ಮೆಷಿನ್ನಿನ ಚಕ್ರವನ್ನು ಹಿಡಿದುಕೊಂಡೆ. ಅಲ್ಲಿಯವರೆಗೆ ನನ್ನ ಜೀವನದಲ್ಲಿ ಯಾವ ವಾಕ್ಯವನ್ನೂ ನಾನು ಅಷ್ಟು ನಿಧಾನವಾಗಿ ಮುಗಿಸಿರಲಿಲ್ಲ.

"ನಾನು ಕುಡೀಲಿಲ್ಲ ಅಕ್ಕ. ಒಂದು ದಿನಾನೂ ಕುಡೀಲಿಲ್ಲ. ಬಚ್ಚಲಿಗೆ ಹಾಕಿದೆ. ನಿಮ್ಮ ಮಾತಿನಲ್ಲಿ ತಪ್ಪಿರಲಿಲ್ಲ."

ಅಕ್ಕ ಮೆಷಿನ್ನಿನ ಕಡೆ ತಿರುಗಿ, ಅರ್ಧ ಹೊಲಿದಿದ್ದ ಬ್ಲೌಸಿನ ತೋಳನ್ನು ಸೂಜಿಯ ಕೆಳಗಿಟ್ಟು ತುಳಿಯತೊಡಗಿದರು. ದಾರ ಮುಗಿದಿತ್ತು. ಆದರೂ ಅಂಚಿನ ಉದ್ದಕ್ಕೂ ತುಳಿದರು, ಸೂಜಿ ಬಟ್ಟೆಯಲ್ಲಿ ಬರೀ ತೂತುಗಳನ್ನು ಬಿಟ್ಟುಕೊಂಡು ಹೋಯಿತು. ಅಂಚು ಮುಗಿದ ಮೇಲೆ ತೋಳನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದರು.

ನನಗೆ ಅವರು ಬೈದಿದ್ದರೆ ಚೆನ್ನಾಗಿತ್ತು. ಬೈದರೆ ಏನು ಹೇಳಬೇಕು ಎಂಬುದಕ್ಕೆ ಒಂದೆರಡು ಉತ್ತರಗಳನ್ನು, ನನ್ನ ಸ್ವಭಾವಕ್ಕೆ ತಕ್ಕಂತೆ, ಅಷ್ಟರಲ್ಲೇ ಜೋಡಿಸಿಕೊಂಡಿದ್ದೆ. ಜಾಯಿಕಾಯಿಯ ಬಗ್ಗೆ ಓದಿದ್ದನ್ನು ಹೇಳಿದೆ. ತಲೆ ಸುತ್ತುತ್ತದೆಂಬ ಭಯವನ್ನು ಹೇಳಿದೆ. ಅತ್ತೆ ಆ ತೀರ್ಪು ಕೊಟ್ಟ ದಿನ ಹೇಳಿಬಿಡೋಣ ಎಂದು ಅಡಿಗೆಮನೆಯವರೆಗೆ ಬಂದು, ಹಪ್ಪಳ ಕರಿದುಕೊಂಡು ಹೋದದ್ದನ್ನೂ ಹೇಳಿದೆ. ಕೊನೆಯದನ್ನು ಯಾಕೆ ಹೇಳಿದೆನೋ ಗೊತ್ತಿಲ್ಲ, ಅದರಿಂದ ನನ್ನ ಕೇಸು ಗಟ್ಟಿಯಾಗಲಿಲ್ಲ.

"ನಿಂಗೆ ಭಯ ಜಾಸ್ತಿ ಅನ್ನೋದು ನಂಗೊತ್ತಿಲ್ವಾ ಇಂದೂ?" ಎಂದರು ಅಕ್ಕ. ದನಿ ಏರಿರಲಿಲ್ಲ. "ಆಗಲ್ಲ ಅಂದಿದ್ರೆ ಎರಡನೇ ಬೀದಿ ಸರ್ವಮಂಗಳನ ಹತ್ರ ಹೋಗ್ತಿದ್ದೆ. ನೀನು ಹೂಂ ಅಂದ್ಯಲ್ಲ."

ಎದ್ದು ಹೋಗಬೇಕೋ ಕೂರಬೇಕೋ ತಿಳಿಯದೆ ಅರ್ಧ ಎದ್ದು, ಮತ್ತೆ ಕೂತೆ. ಬ್ಲೌಸ್ ಪೀಸನ್ನು ಮಡಿಸಿದೆ, ಬಿಡಿಸಿದೆ. ಲಾವಂಚದ ಮಾತು ಎತ್ತುವಷ್ಟು ನಾಚಿಕೆಗೆಟ್ಟವಳು ನಾನಲ್ಲ ಎಂದು ನನಗೆ ನಾನೇ ಸರ್ಟಿಫಿಕೇಟು ಕೊಟ್ಟುಕೊಳ್ಳುತ್ತಿದ್ದಾಗಲೇ, ಇನ್ನು ಒಂದೆಲಗಕ್ಕೆ ಯಾರ ಹತ್ತಿರ ಹೋಗಲಿ ಎಂಬ ಯೋಚನೆಯೂ ಪಕ್ಕದಲ್ಲೇ ಓಡುತ್ತಿತ್ತು. ಮನುಷ್ಯರ ತಲೆ ಅದು, ಅದನ್ನು ನಾನು ಸಮರ್ಥಿಸುವುದಿಲ್ಲ.

ಅಕ್ಕ ಮೆಷಿನ್ ಮೇಲಿದ್ದ ಖಾಲಿ ಲೋಟ ತೆಗೆದುಕೊಂಡು ಒಳಗೆ ಹೋದರು. ಹಾಲಿನ ಪಾತ್ರೆಯ ಸದ್ದು, ಒಲೆ ಹೊತ್ತಿಸಿದ ಸದ್ದು, ಆಮೇಲೆ ಸಾಣೆಕಲ್ಲಿನ ಮೇಲೆ ಏನನ್ನೋ ತೇಯುವ ಸಣ್ಣ ಸದ್ದು ಕೇಳಿತು. ಆ ಸದ್ದು ನನಗೆ ಚೆನ್ನಾಗಿ ಗೊತ್ತಿತ್ತು, ಎರಡು ತಿಂಗಳು ನಾನೇ ಮಾಡಿದ್ದ ಸದ್ದು. ನನ್ನನ್ನು ಒಳಗೆ ಕರೆದರು. ಅಡಿಗೆಮನೆಯ ಕಟ್ಟೆಯ ಮೇಲೆ ಲೋಟ ಇಟ್ಟಿತ್ತು, ಮೇಲೆ ಕೆನೆ ಕಟ್ಟುತ್ತಿತ್ತು. ಪಕ್ಕದಲ್ಲೇ ಪಾತ್ರೆ ತೊಳೆಯುವ ತೊಟ್ಟಿ, ಒಂದು ಮೊಳ ದೂರದಲ್ಲಿ.

"ಕುಡಿ," ಎಂದರು ಅಕ್ಕ.

ಎಂಟು ವರ್ಷದಲ್ಲಿ ತಮಗಾಗಿ ಯಾರಿಗಾದರೂ ಅವರು ಹೇಳಿದ ಮೊದಲ ಮಾತು ಅದು. ಹೇಳಿ, ನಾನು ಕುಡಿಯುತ್ತೇನೋ ಇಲ್ಲವೋ ನೋಡಲು ನಿಲ್ಲಲಿಲ್ಲ. ಬೆನ್ನು ತಿರುಗಿಸಿ ಮುಂದಿನ ಕೋಣೆಗೆ ಹೋದರು, ಹೋಗುವಾಗ ನಡುವಿನ ಬಾಗಿಲನ್ನೂ ಎಳೆದುಕೊಂಡರು.

ನಾನು ಲೋಟ ಕೈಗೆತ್ತಿಕೊಂಡೆ. ಜಾಯಿಕಾಯಿ ವಾಸನೆ ಮೂಗಿಗೆ ಏರಿತು. ಇಷ್ಟಕ್ಕೆ ಎಷ್ಟು ತೇಯ್ದಿದ್ದಾರೋ, ಹೆಚ್ಚಾಗಿದ್ದರೆ ಎಷ್ಟು ಹೊತ್ತಿಗೆ ತಲೆ ಸುತ್ತಬಹುದು, ಇಲ್ಲಿಂದ ಡಾಕ್ಟರ್ ಪ್ರಫುಲ್ಲಾ ಅವರ ಕ್ಲಿನಿಕ್ಕು ಶನಿವಾರ ಮಧ್ಯಾಹ್ನ ತೆರೆದಿರುತ್ತದೆಯೇ, ಇವೆಲ್ಲ ಒಂದರ ಹಿಂದೊಂದು ಬಂದವು. ಬಿಸಿ ಹಾಲು, ಬಿಸಿ ಮೈ, ಕಿಟಕಿಯಿಂದ ಏಪ್ರಿಲ್. ಮೊದಲ ಗುಟುಕು ನಾಲಿಗೆ ಸುಟ್ಟಿತು. ಎರಡನೆಯದು ಗಂಟಲಲ್ಲಿ ಸ್ವಲ್ಪ ನಿಂತು, ನಾನು ಹಿಂದೆ ಕರೆಯುತ್ತೇನೇನೋ ಎಂದು ಕಾದು, ಇಳಿಯಿತು. ಆಮೇಲೆ ಕೆನೆ. ತಳದಲ್ಲಿ ತೇಯ್ದ ಜಾಯಿಕಾಯಿಯ ಗಸಿ ಉಳಿದಿತ್ತು, ಅದನ್ನೂ ಬೆರಳಿನಿಂದ ಬಳಿದು ತಿಂದೆ.

ಲೋಟ ತೋರಿಸೋಣವೆಂದು ಬಾಗಿಲ ಬಳಿ ಹೋದೆ. ತೆರೆಯುವ ಮೊದಲೇ ಆಚೆಯಿಂದ ಒಂದು ಸದ್ದು ಬಂತು. ಮೊದಲು ಯಾರೋ ಮರ ಕೊಯ್ಯುತ್ತಿದ್ದಾರೆ ಎಂದುಕೊಂಡೆ. ಸಂದಿಯಿಂದ ನೋಡಿದರೆ ಅಕ್ಕ ಕುರ್ಚಿಯಲ್ಲಿ, ಬಾಯಿ ತೆರೆದುಕೊಂಡು, ಕತ್ತು ಒಂದು ಕಡೆ ವಾಲಿಸಿ, ಕೈಯಲ್ಲಿ ತೂತು ಬಿದ್ದ ತೋಳು ಹಿಡಿದುಕೊಂಡೇ ಮಲಗಿದ್ದರು. ಗೊರಕೆ ಒಂದು ಸಲ ನಿಂತು, ನನ್ನ ಎದೆಯನ್ನೂ ನಿಲ್ಲಿಸಿ, ಮತ್ತೆ ಜೋರಾಗಿ ಹಿಡಿಯಿತು.

ನಾನು ಹಿಂದೆ ಸರಿದು ಅಡಿಗೆಮನೆಯ ನೆಲದ ಮೇಲೆ ಕೂತೆ. ಲೋಟ ತೊಳೆಯಲಿಲ್ಲ, ನಲ್ಲಿ ಸದ್ದು ಮಾಡುತ್ತದೆ. ಸ್ವಲ್ಪ ಹೊತ್ತಿಗೆ ನನ್ನ ಹಬೆ ಮತ್ತೆ ಎದ್ದಿತು. ಎದೆ, ಕುತ್ತಿಗೆ, ಕಿವಿ, ಎಲ್ಲ ತನ್ನ ಕ್ರಮದಲ್ಲಿ ಹತ್ತಿಕೊಂಡಿತು. ತಲೆಯ ಮೇಲೆ ಫ್ಯಾನ್ ಇತ್ತು, ಸ್ವಿಚ್ಚು ಕೈಗೆ ಎಟುಕುವಂತಿತ್ತು. ಆ ಫ್ಯಾನು ತಿರುಗಿದರೆ ಕಟಕಟ ಎನ್ನುತ್ತದೆ. ಕೈ ಮಡಿಲಲ್ಲಿಟ್ಟುಕೊಂಡು, ಬೆವರು ಕನ್ನಡಕದೊಳಗೆ ಇಳಿಯಲು ಬಿಟ್ಟು, ಸಂಜೆ ಐದರವರೆಗೆ ಅಲ್ಲಾಡದೆ ಕೂತಿದ್ದೆ.